ಬರಿದಲೆಯವರಿಗೆ ಸಾಲಿ ಇಲ್ಲ

ಮೇಲಿನಿಂದ ಇಳಿದು ಬರುವಾಗ ಕಾಯದೆ ನೆಟ್ಟಗೇ ಇರುತ್ತದೆ. ಊರೊಳಗೆ ಕಾಲಿಟ್ಟ ಮೇಲೆ ಅದರ ಗತಿ ಏನಾಗುತ್ತದೆ ಎಂಬುದನ್ನು ಕನ್ನಡ ಸಾಲಿಯ ಮಾಸ್ತರರನ್ನು ಕೇಳಬೇಕು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಬೈಲಹೊಂಗಲ, ಮುರಗೋಡ, ಸವದತ್ತಿಯ ಸುತ್ತಲಿನ ಊರುಗಳಲ್ಲಿ ಕಲಿಸುತ್ತಲೇ ತಲೆ ಹಣ್ಣು ಮಾಡಿಕೊಂಡವನು. ಹುಡುಗರು ಎಷ್ಟು ಜನ ಬಂದರು, ಏನು ತೊಟ್ಟುಕೊಂಡು ಬಂದರು, ಈ ಎರಡರ ಮೇಲೆಯೇ ನಮ್ಮ ಅನ್ನ ನಿಂತಿತ್ತು. ಹಾಜರಿ ಇಳಿದರೆ ಸಾಲಿ ಮುಚ್ಚುತ್ತಿತ್ತು, ಸಾಲಿ ಮುಚ್ಚಿದರೆ ಮಾಸ್ತರನ ಗಂಟುಮೂಟೆ ಬಂಡಿ ಏರುತ್ತಿತ್ತು. ಸಾಲಿಯ ತಪಾಸಣೆಗೆ ಬರುವ ಅಧಿಕಾರಿಯನ್ನು ನಮ್ಮ ಕಡೆ ದೀಪೋಟಿ ಸಾಹೇಬರು ಎನ್ನುತ್ತಿದ್ದರು. ಅವರು ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಎರಡು ಸಾಲು ಶೇರಾ ಬರೆದು ಹೋದರೆ ನಮಗೆ ಒಂದು ವಾರ ಊಟ ರುಚಿಸುತ್ತಿರಲಿಲ್ಲ.

ಕರೀ ಕೋಟು

ಮೊದಲನೆಯ ಕಾಯದೆ ಬಂದದ್ದು ಹುಡುಗರಿಗಲ್ಲ, ನನಗೆ. ಮಾಸ್ತರರು ಕೋಟು ತೊಟ್ಟೇ ಪಾಠ ಹೇಳಬೇಕು ಎಂದು ಹುಕುಮು. ನಾನಾಗ ಮುರಗೋಡದ ಹತ್ತಿರದ ಒಂದು ಹಳ್ಳಿಗೆ ಹೊಸದಾಗಿ ಹೋಗಿದ್ದೆ. ನನ್ನ ಹತ್ತಿರ ಕೋಟೆಲ್ಲಿಂದ ಬರಬೇಕು? ರಜೆಯಲ್ಲಿ ಊರಿಗೆ ಹೋದಾಗ ಸೋದರಮಾವನ ಕರೀ ಕೋಟನ್ನು ಕೇಳಿ ತಂದೆ. ತೋಳು ಒಂದು ಗೇಣು ಉದ್ದವಾಗಿತ್ತು. ಮಡಚಿಕೊಂಡು, ಗುಂಡಿ ಹಾಕಿಕೊಂಡು, ಮರುದಿನ ಮುಂಜಾನೆ ಗಂಭೀರವಾಗಿ ಸಾಲಿಯೊಳಗೆ ಕಾಲಿಟ್ಟೆ.

ಮುಂದಿನ ಸಾಲಿನ ಹುಡುಗನೊಬ್ಬ ನನ್ನನ್ನು ನೋಡಿದ. ಪಾಟಿ ಕೈಯಿಂದ ಬಿತ್ತು. "ಏ, ಬಂದಾನಲೇ!" ಎಂದು ಚೀರಿದ. ಅಷ್ಟೇ. ಕೆಲವರು ಬಾಗಿಲಿಂದ, ಕೆಲವರು ಕಿಡಕಿಯಿಂದ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲರೂ ಹೊರಗೆ. ಒಳಗೆ ಉಳಿದವನು ನಾನೊಬ್ಬನೇ.

ಆಮೇಲೆ ತಿಳಿಯಿತು. ಆ ಊರಿಗೆ ಅದುವರೆಗೆ ಕೋಟು ತೊಟ್ಟು ಬಂದವನೆಂದರೆ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಮೈಲಿ ಚುಚ್ಚುವವನು ಒಬ್ಬನೇ. ಹಾಜರಿ ಹೋಯಿತಲ್ಲ ಎಂದು ನಾನು ಹುಡುಗರನ್ನು ಕರೆತರಲು ಓಣಿಗೆ ಇಳಿದೆ. ನಾನು ಹೋದಂತೆ ಮನೆ ಮನೆಯ ಬಾಗಿಲು ಧಡಧಡ ಮುಚ್ಚಿಕೊಂಡವು. ಒಂದು ಮನೆಯ ಕದ ಬಡಿದು, "ಯಮ್ಮಾ, ನಾ ಸಾಲಿ ಮಾಸ್ತರ ಅದೇನಿ, ಹುಡುಗನ್ನ ಕಳಸ್ರಿ" ಎಂದೆ.

ಒಳಗಿನಿಂದ ಮುದುಕಿಯ ದನಿ ಬಂತು: "ಹೋದ ಸಲ ಬಂದಾಗೂ ಹಿಂಗ ಅಂದಿದ್ದಿ!"

ರುಮಾಲು

ಹುಡುಗರ ಕಾಯದೆ ಮರುವರ್ಷ ಬಂತು. ಬರಿದಲೆಯಲ್ಲಿ ಯಾರೂ ಸಾಲಿಗೆ ಬರಕೂಡದು. ಟೊಪ್ಪಿಗೆಯೋ ರುಮಾಲೋ ಏನಾದರೊಂದು ತಲೆಯ ಮೇಲಿರಬೇಕು.

ಅದೇ ಊರಿನ ಒಬ್ಬ ಒಕ್ಕಲಿಗನಿಗೆ ಇದ್ದದ್ದು ಒಂದೇ ರುಮಾಲು. ಅವನು ದನಕ್ಕೆ ನೀರು ಕುಡಿಸುವ ಹೊತ್ತಿನಲ್ಲಿ ಮಗ ಅದನ್ನು ಸುತ್ತಿಕೊಂಡು ಸಾಲಿಗೆ ಬಂದುಬಿಟ್ಟ. ಸುತ್ತಿದ್ದ ಎನ್ನುವುದಕ್ಕಿಂತ ಅದರೊಳಗೆ ಹೊಕ್ಕಿದ್ದ ಎನ್ನಬೇಕು. ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಅಪ್ಪನಿಗೆ ಅಂದು ಚಾವಡಿಯಲ್ಲಿ ಗೌಡರ ಮುಂದೆ ನಿಲ್ಲಬೇಕಾದ ಕೆಲಸ. ರುಮಾಲು ಕೇಳಿ ತರಲು ಬರಿದಲೆಯಲ್ಲೇ ಸಾಲಿಯ ಕಡೆಗೆ ಹೊರಟ.

ನಮ್ಮ ಸೀಮೆಯಲ್ಲಿ ಆ ಕಾಲಕ್ಕೆ ಗಂಡಸು ಬರಿದಲೆಯಲ್ಲಿ ಓಣಿಗೆ ಬಂದನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಇವನು ಅವಸರದಲ್ಲಿ ಯಾರ ಮಾತಿಗೂ ನಿಲ್ಲಲಿಲ್ಲ. ನಿಲ್ಲದ್ದನ್ನು ಕಂಡು ಜನಕ್ಕೆ ಸಂಶಯ ಗಟ್ಟಿಯಾಯಿತು. ಒಬ್ಬೊಬ್ಬರೇ ಕೈಕಟ್ಟಿಕೊಂಡು ಹಿಂದೆ ನಡೆದರು. ಸಾಲಿಯ ಕಡೆಗೆ ಹೊರಟಿದ್ದಾನೆಂದರೆ ಹುಡುಗನಿಗೇ ಏನೋ ಆಗಿದೆ ಎಂದುಕೊಂಡು ಆ ಹುಡುಗನ ಸೋದರತ್ತಿ ಓಣಿಯ ಕೊನೆಯಿಂದಲೇ ರಾಗ ತೆಗೆದಳು.

ನಾನು ಗದ್ದಲ ಕೇಳಿ ಹೊರಗೆ ಬಂದರೆ ಅಂಗಳದ ತುಂಬ ಜನ. "ಮಾಸ್ತರ್ರ, ಹುಡುಗ ಹ್ಯಾಂಗದಾನ್ರಿ?" ಎಂದು ಯಾರೋ ಮೆಲ್ಲಗೆ ಕೇಳಿದರು. ನಾನು ಹುಡುಗನನ್ನು ರುಮಾಲು ಸಮೇತ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ನಿಲ್ಲಿಸಿದೆ. ಅಪ್ಪ ರುಮಾಲು ಬಿಚ್ಚಿಕೊಂಡು, ಮಗನ ಬೆನ್ನಿಗೊಂದು ಗುದ್ದಿ, ಚಾವಡಿಗೆ ಓಡಿದ. ಜನ ನಗುತ್ತ ಚದುರಿದರು.

ಅತ್ತಿ ಮಾತ್ರ ಕಟ್ಟೆಗೆ ಒರಗಿ ಕುಳಿತು ಅಳುತ್ತಲೇ ಇದ್ದಳು. "ಹುಡುಗ ಗಟ್ಟಿ ಅದಾನಲ್ರಿ ಯಮ್ಮಾ, ಇನ್ನ ಯಾಕ ಅಳತೀರಿ?" ಎಂದೆ.

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸುರು ಮಾಡಿದ್ದು ಅರ್ಧಕ್ಕ ಬಿಡಬಾರದ್ರಿ ಮಾಸ್ತರ್ರ. ನೀವು ಪಾಠ ನಡಸ್ರಿ, ಇನ್ನೊಂದೀಟ ಐತಿ."

ಒಂದೇ ಅಂಗಿ

ಬೈಲಹೊಂಗಲದ ಸಾಲಿಯಲ್ಲಿದ್ದಾಗ ನನ್ನ ಕೈಕೆಳಗೆ ಅಣ್ಣ ತಮ್ಮ ಇಬ್ಬರು ಕಲಿಯುತ್ತಿದ್ದರು. ಒಂದೇ ಇಯತ್ತೆ ಎಂದರೆ ಒಂದೇ ತರಗತಿ, ಒಂದೇ ಎತ್ತರ. ಅಂಗಿ ಇಲ್ಲದೆ ಒಳಗೆ ಬಿಡಬೇಡಿ ಎಂದು ಕಾಯದೆ ಬಂದ ಮೇಲೆ ಅಣ್ಣ ಮುಂಜಾನೆ ಬರತೊಡಗಿದ, ತಮ್ಮ ಮಧ್ಯಾಹ್ನ. ಮನೆಯಲ್ಲಿ ಇಬ್ಬರ ನಡುವೆ ಇದ್ದದ್ದು ಒಂದೇ ಅಂಗಿ.

ದೀಪೋಟಿ ಸಾಹೇಬರು ಒಂದು ಮಧ್ಯಾಹ್ನ ಬಂದು ಹಾಜರಿ ಪುಸ್ತಕ ತಿರುವಿದರು. ಅಣ್ಣನದು ದಿನಾ ಅರ್ಧ, ತಮ್ಮನದು ದಿನಾ ಅರ್ಧ. ತಮ್ಮನನ್ನು ಎಬ್ಬಿಸಿ ನಿಲ್ಲಿಸಿದರು.

"ನಿಮ್ಮಣ್ಣ ಯಾಕ ಬಂದಿಲ್ಲ?"

"ನಾ ಬಂದೇನಲ್ರಿ."

ನಾನು ಹೆದರುತ್ತ ಇದ್ದ ಸಂಗತಿ ಹೇಳಿದೆ. ಸಾಹೇಬರು ಮುಂಜಾನೆ ಏನು ಕಲಿಸಿದಿರಿ ಎಂದು ಕೇಳಿದರು. ಹದಿನಾರರ ಮಗ್ಗಿ ಎಂದೆ. ಮುಂಜಾನೆ ಸಾಲಿಯಲ್ಲೇ ಇರದ ಆ ತಮ್ಮ ಹದಿನಾರರ ಮಗ್ಗಿಯನ್ನು ತಡವರಿಸದೆ ಒಪ್ಪಿಸಿದ. ಊಟದ ಹೊತ್ತಿಗೆ ಅಣ್ಣ ಅಂಗಿ ಕಳಚಿ ಕೊಡುವಾಗ ಮಗ್ಗಿಯನ್ನೂ ಕಲಿಸಿ ಕಳಿಸುತ್ತಿದ್ದನಂತೆ. ಸಾಹೇಬರು ಹಾಜರಿ ಪುಸ್ತಕ ಮುಚ್ಚಿಟ್ಟರು.

"ಮಾಸ್ತರ್ರ, ವರ್ಷದಾಗ ಒಂದ ಹೊತ್ತೂ ಸಾಲಿ ತಪ್ಪಿಸದಾಂವ ಈ ಸಾಲ್ಯಾಗ ಒಬ್ಬನ ಅದಾನ. ಈ ಅಂಗಿ" ಎಂದರು. ಮುಂದಿನ ಸಂತೆಯ ದಿನ ತಾವೇ ಹೊಸದೊಂದು ಅಂಗಿ ಹೊಲಿಸಿ ಕಳಿಸಿದರು. ಒಳ್ಳೆಯ ಮನುಷ್ಯ.

ಎರಡನೆಯ ಅಂಗಿ ಬಂದ ವಾರದಿಂದ ಇಬ್ಬರ ಹಾಜರಿಯೂ ನೆಲಕ್ಕೆ ಬಿತ್ತು. ಇಬ್ಬರೂ ಕೂಡಿ ಸಾಲಿ ತಪ್ಪಿಸಿ ಮಾವಿನಕಾಯಿ ಕೀಳಲು ಹೋಗತೊಡಗಿದರು.

ರಜಾ ಚೀಟಿ

ಗೈರುಹಾಜರಾಗುವ ಹುಡುಗ ಮನೆಯವರಿಂದ ಚೀಟಿ ತರಬೇಕು ಎಂದು ಇನ್ನೊಂದು ಕಾಯದೆ. ಆಗ ನಾನಿದ್ದ ಸಣ್ಣ ಹಳ್ಳಿಯಲ್ಲಿ ಬರೆಯಲು ಬರುವವರು ಇಬ್ಬರು, ಊರ ಲೆಕ್ಕ ಬರೆಯುವ ಕುಲಕರ್ಣಿಯವರು ಮತ್ತು ನಾನು. ಹೀಗಾಗಿ ಜನ ನನ್ನಿಂದಲೇ ಚೀಟಿ ಬರೆಸಿ ನನಗೇ ಕೊಡುತ್ತಿದ್ದರು. ನಾನು ಬರೆದು, ಓದಿ, ಮಂಜೂರು ಮಾಡುತ್ತಿದ್ದೆ.

ಒಬ್ಬ ಅಜ್ಜಿ ಮೊಮ್ಮಗನ ಸಲುವಾಗಿ ಬಂದಳು. "ಹುಡುಗಗ ಜ್ವರ ಬಂದಾವು, ಎಂಟ ದಿನ ರಜಾ ಬೇಕಂತ ಬರೀರಿ" ಎಂದಳು. ಹುಡುಗ ಅವಳ ಹಿಂದೆಯೇ ನಿಂತು ಕಬ್ಬು ತಿನ್ನುತ್ತಿದ್ದ. ಹೇಳಿದಂತೆ ಬರೆದೆ. ಆಕೆ ಚೀಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ನನ್ನ ಕೈಗೆ ಕೊಟ್ಟಳು. ನಾನು ಓದಿ, "ಆಗೂದಿಲ್ರಿ ಅಜ್ಜಿ. ಹುಡುಗ ಗಟ್ಟಿಮುಟ್ಟ ಅದಾನ" ಎಂದೆ.

ಅಜ್ಜಿ ಚೀಟಿಯನ್ನೂ ನನ್ನನ್ನೂ ಒಮ್ಮೆ ನೋಡಿದಳು. ಬೇಸರದಿಂದ ತಲೆ ಆಡಿಸಿದಳು.

"ನಿಮ್ಮ ಕಡೆ ಬರಸಿದ್ದ ತಪ್ಪಾತು. ಕುಲಕರ್ಣ್ಯಾರ ಕಡೆ ಬರಸಕೊಂಡ ಬರತೇನಿ, ತಡೀರಿ. ಅವರು ಬರದದ್ದ ನಡೀತೈತಿ."

ಬಾಗಿಲ ಕಾವಲು

ಕೊನೆಗೆ ನನ್ನ ವರ್ಗ ಸವದತ್ತಿಯ ಕಡೆ, ಮಲಪ್ರಭೆಯ ದಂಡೆಯ ಒಂದು ಊರಿಗೆ ಆಯಿತು. ಅಲ್ಲಿಗೆ ಬಂದ ಹೊಸ ದೀಪೋಟಿ ಸಾಹೇಬರು ಬಹಳ ಬಿಗಿ. ಟೊಪ್ಪಿಗೆಯ ಕಾಯದೆ ಎಲ್ಲೆಡೆ ಸಡಿಲಾಗಿದ್ದರೂ ಅವರು ಮತ್ತೆ ಹುಕುಮು ಕಳಿಸಿದರು: "ಯಾರೇ ಆಗಲಿ, ಬರಿದಲೆಯಲ್ಲಿ ಬಂದವರನ್ನು ಸಾಲಿಯ ಹೊಸ್ತಿಲು ದಾಟಿಸಿದರೆ ಮಾಸ್ತರರೇ ಜವಾಬ್ದಾರರು." ಹಿಂದಿನ ತಪಾಸಣೆಯಲ್ಲಿ ನನಗೆ ಒಂದು ಕೆಂಪು ಶೇರಾ ಬಿದ್ದಿತ್ತು. ಇನ್ನೊಂದು ಬಿದ್ದರೆ ಮನೆಗೆ ಹೋಗಬೇಕಾಗುತ್ತಿತ್ತು. ಆದ್ದರಿಂದ ನಾಲ್ಕನೆಯ ಇಯತ್ತೆಯ ಒಬ್ಬ ಗಟ್ಟಿ ಹುಡುಗನಿಗೆ ಆ ಹುಕುಮನ್ನು ಬಾಯಿಪಾಠ ಮಾಡಿಸಿ ಬಾಗಿಲಲ್ಲಿ ನಿಲ್ಲಿಸಿದೆ.

ಮಳೆಗಾಲ. ಹೊಳೆ ತುಂಬಿತ್ತು. ಸಾಹೇಬರು ತಮ್ಮ ಕುದುರೆಯನ್ನು ಆಚೆ ದಂಡೆಯಲ್ಲಿ ಬಿಟ್ಟು ಹರಿಗೋಲಿನಲ್ಲಿ ಹೊರಟರು. ನಡುಹೊಳೆಯಲ್ಲಿ ಗಾಳಿ ಬೀಸಿ ಅವರ ಜರತಾರಿ ರುಮಾಲು ಹಾರಿ ನೀರಿಗೆ ಬಿತ್ತು. ಈಚೆ ದಂಡೆಗೆ ಇಳಿಯುತ್ತಲೇ ಸಂಗಡ ಬಂದ ಸಿಪಾಯಿ ಅದನ್ನು ಹಿಡಿಯಲು ದಂಡೆಗುಂಟ ಓಡುತ್ತ ಹೋದ. ಸಾಹೇಬರು ಒಬ್ಬರೇ, ಮೈಯೆಲ್ಲ ತೊಯ್ದು, ಕೆಸರುಗಾಲಲ್ಲಿ ನಮ್ಮ ಸಾಲಿಗೆ ಬಂದರು.

ನಾನು ಒಳಗೆ ಶುದ್ಧಲೇಖನ ಬರೆಸುತ್ತಿದ್ದೆ. ಬಾಗಿಲಲ್ಲಿ ಮಾತು ಕೇಳಿಸಿತು.

"ಬರಿ ತಲೀಲೆ ಒಳಗ ಬಿಡಂಗಿಲ್ರಿ."

"ಏ, ನಾ ಯಾರು ಗೊತ್ತೈತೇನು? ನಾ ದೀಪೋಟಿ!"

"ದೀಪೋಟಿ ಸಾಹೇಬರ ಬರಿ ತಲೀಲೆ ಬರಬ್ಯಾಡ್ರಿ ಅಂತ ಹೇಳ್ಯಾರ್ರಿ. ಅವರ ಹ್ಯಾಂಗ ಬರತಾರ?"

ನಾನು ಎದ್ದು ಹೋಗಿ ನೋಡಿದೆ. "ಬಿಡೋ, ಸಾಹೇಬರು" ಎಂದೆ. ಹುಡುಗ ಕೈ ಅಡ್ಡ ಇಟ್ಟುಕೊಂಡೇ, "ಬಿಟ್ಟರ ನೀವ ಜವಾಬ್ದಾರರು ಅಂತ ಬರದೈತ್ರಿ" ಎಂದ. ಸಾಹೇಬರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಆ ಹುಕುಮಿನ ಕೆಳಗೆ ಸಹಿ ಅವರದೇ.

ಕೊನೆಗೆ ಸಾಲಿಯ ಮುಂದೆ ಹಾಯ್ದು ಹೊರಟಿದ್ದ ಒಬ್ಬ ತಾಯಿ ಕಂಕುಳಲ್ಲಿದ್ದ ತನ್ನ ಕೂಸಿನ ತಲೆಯ ಕುಂಚಿಗೆ ಬಿಚ್ಚಿ ಕೊಟ್ಟಳು. ಕೆಂಪು ಖಣದ ಕುಂಚಿಗೆ, ಅಂಚಿಗೆ ಸಣ್ಣ ಗೆಜ್ಜೆ. ಸಾಹೇಬರು ಅದನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ಒಂದು ಕೈಯಿಂದ ಹಿಡಿದುಕೊಂಡು, ಎರಡು ತಾಸು ಸಾಲಿ ತಪಾಸಣೆ ಮಾಡಿದರು. ಅವರು ತಲೆ ಅಲ್ಲಾಡಿಸಿದಾಗಲೆಲ್ಲ ಗೆಜ್ಜೆ ಝಣ್ ಎನ್ನುತ್ತಿತ್ತು. ಒಬ್ಬ ಹುಡುಗನೂ ನಗಲಿಲ್ಲ. ನಕ್ಕವನಿಗೆ ಬೆತ್ತ ಎಂದು ನಾನು ಕಣ್ಣಿನಲ್ಲೇ ಹೇಳಿದ್ದೆ. ಹೋಗುವಾಗ ಶೇರಾ ಪುಸ್ತಕದಲ್ಲಿ "ಶಿಸ್ತು ಸಮಾಧಾನಕರ" ಎಂದು ಬರೆದರು. ಕಪ್ಪು ಶಾಯಿಯಲ್ಲಿ. ಕೆಲಸ ಉಳಿಯಿತೆಂದು ನಾನು ಹೊಳೆಯ ದಂಡೆಯವರೆಗೆ ಹೋಗಿ ಕಳಿಸಿ ಬಂದೆ.

ಹದಿನೈದು ದಿನಕ್ಕೆ ಹೊಸ ಹುಕುಮು ಬಂತು: "ಹೊಳೆ ದಾಟಿ ಬರುವವರಿಗೆ ಟೊಪ್ಪಿಗೆಯ ಕಾಯದೆ ಅನ್ವಯಿಸುವುದಿಲ್ಲ." ಹುಡುಗರಿಗೆ ಓದಿ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಮರುದಿನ ಇಡೀ ಸಾಲಿ ಬರಿದಲೆಯಲ್ಲಿ, ತೊಯ್ದ ಕೂದಲಲ್ಲಿ ಬಂದು ನಿಂತಿತು. ಎಲ್ಲರೂ ಹೊಳೆ ದಾಟಿ ಬಂದವರೇ. ಸಾಲಿಯ ಗೋಡೆಗೆ ಗೋಡೆ ಹಚ್ಚಿದ ಮನೆಯ ಹುಡುಗನೂ ಅವರಲ್ಲಿದ್ದ. ಅವನ ಕಿವಿ ಹಿಡಿದೆ.

"ನಿಮ್ಮ ಮನಿಗೂ ಸಾಲಿಗೂ ನಡುವ ಹೊಳಿ ಎಲ್ಲೈತೋ?"

"ಇತ್ರಿ. ಮುಂಜಾನೆ ನಮ್ಮವ್ವ ನೀರಿನ ಕೊಡಪಾನ ಚೆಲ್ಲಿದಳ್ರಿ. ನಾ ದಾಟಿ ಬರೂಮಟಾ ತುಂಬಿ ಹರೀತಿತ್ತು."