ಮೊಣಕಾಲುದ್ದ ನೀರಿನ ರೆಸಾರ್ಟ್

ಈ ಸಲದ ರಜೆಗೆ ರೆಸಾರ್ಟ್ ಆರಿಸುವವಳು ತಾನೇ ಎಂದು ಹನ್ಸಿನಿ ಘೋಷಿಸಿದಾಗ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಆ ಧೈರ್ಯ ಇದ್ದದ್ದು ಮೂರು ವರ್ಷದ ಮಗ ಯುವೇಶನಿಗೆ ಮಾತ್ರ. ಆದರೆ ಅವನ ಬಾಯಿ ತುಂಬ ಆಗ ಅನ್ನವಿತ್ತು. ಅರ್ಧ ಗಂಟೆಯಿಂದ ಅದನ್ನು ನುಂಗದೆ ಜೋಪಾನ ಮಾಡಿಕೊಂಡು ಬಂದಿದ್ದ.

ಅಸಲು ವಿಷಯವೂ ಅದೇ. ಯುವೇಶ ಅಮ್ಮನ ಕೈಯಲ್ಲಿ ಉಣ್ಣುತ್ತಿರಲಿಲ್ಲ. ಹನ್ಸಿನಿ ಚಮಚವನ್ನು ವಿಮಾನ ಮಾಡಿ ಹಾರಿಸಿದಳು, ಹಡಗು ಮಾಡಿ ತೇಲಿಸಿದಳು. ಬಂದರು ಬಾಗಿಲು ತೆರೆಯಲಿಲ್ಲ! ಅದೇ ಕುಂಬಳಕಾಯಿ ಅನ್ನದ ಬಟ್ಟಲನ್ನು ಅತ್ತೆ ಧನ್ವಂತಿ ಹಿತ್ತಿಲ ಮಾವಿನ ಮರದಡಿಗೆ ಒಯ್ದರೆ ಸ್ವಲ್ಪ ಹೊತ್ತಿಗೆಲ್ಲ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. “ಉಂಡ ಕಣಮ್ಮ” ಎಂದು ಅತ್ತೆ ಬಟ್ಟಲು ತೋರಿಸಿದಾಗಲೆಲ್ಲ ಹನ್ಸಿನಿಯ ಎದೆಯಲ್ಲಿ ಯಾರೋ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ದ್ವೀಪದ ರಾಜಧಾನಿ ಪೋರ್ಟ್ ಲೂಯಿಯ ಒಳ್ಳೊಳ್ಳೆಯ ಶಾಲೆಗಳಲ್ಲಿ ಓದಿದವಳು, ಮಕ್ಕಳ ಆಹಾರದ ಬಗ್ಗೆ ಉಪನ್ಯಾಸ ಕೇಳಿ ಬಂದವಳು, ಒಂದು ಬಟ್ಟಲ ಮುಂದೆ ಸೋಲುವುದೇ! ತಾನು, ಗಂಡ, ಮಗು, ಕಡಲು. ಅತ್ತೆ ಬೇಡ. ಮೂರು ದಿನದಲ್ಲಿ ಮಗ ತನ್ನ ಕೈಯಲ್ಲೇ ಉಂಡು ತೋರಿಸಬೇಕು ಎಂದು ಶಪಥ ಮಾಡಿದಳು.

ಕಾತ್ರ್ ಬೋರ್ನ್ ಊರಿನ ಮನೆಯಿಂದ ಕಡಲು ಹೆಚ್ಚೆಂದರೆ ಒಂದು ಗಂಟೆಯ ದಾರಿ. ಅಷ್ಟಕ್ಕೆ ಹನ್ಸಿನಿ ನಡೆಸಿದ ತಯಾರಿಯನ್ನು ಚಂದ್ರಲೋಕಕ್ಕೆ ಹೋಗುವವರೂ ನಡೆಸಿರಲಾರರು. ದ್ವೀಪದ ಪಂಚತಾರಾ ರೆಸಾರ್ಟುಗಳಿಗೆಲ್ಲ ಫೋನ್ ಮಾಡಿದಳು. ಒಂದು ಕಡೆ, ನಿಮ್ಮ ತೆಂಗಿನಮರಗಳಲ್ಲಿ ಕಾಯಿ ಇವೆಯೇ ಎಂದು ವಿಚಾರಿಸಿದಳು. ಬೇಕಾದಷ್ಟಿವೆ ಮೇಡಂ, ಎಳನೀರು ಸಕ್ಕರೆಯಂತಿದೆ ಎಂದು ಫೋನೆತ್ತಿದವನು ಹೆಮ್ಮೆಯಿಂದ ಹೇಳಿದ. ಮಗುವಿನ ತಲೆಯ ಮೇಲೆ ಬೀಳುವ ಸಕ್ಕರೆ! ಆ ರೆಸಾರ್ಟ್ ಅಲ್ಲಿಗೇ ರದ್ದು. ಇನ್ನೊಂದರಲ್ಲಿ ಅಂಚೇ ಕಾಣದಂತೆ ಕಟ್ಟಿದ ಈಜುಕೊಳವಿತ್ತು. ಅಂಚಿಲ್ಲದಿದ್ದರೆ ಮಗು ಎಲ್ಲಿ ನಿಲ್ಲಬೇಕು ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನ್ ಇಟ್ಟಳು. ಕೊನೆಗೆ ಪೂರ್ವ ಕರಾವಳಿಯಲ್ಲಿ ಒಂದು ಸಿಕ್ಕಿತು. ಸ್ಥಳೀಯರಿಗೆ ದರದಲ್ಲಿ ರಿಯಾಯಿತಿಯೂ ಇತ್ತು.

ಅತ್ತೆ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೊಮ್ಮಗನ ಮೇಲೆ ಎಷ್ಟು ಕಾಳಜಿ ಎಂದುಕೊಂಡಳು ಹನ್ಸಿನಿ.

“ಕೊಳ ಎಷ್ಟು ಆಳ?”

“ಮೊಣಕಾಲುದ್ದ ಅಷ್ಟೇ.”

“ಮೆಟ್ಟಿಲು?”

“ಒಂದೂ ಇಲ್ಲ. ಕೋಣೆ ಬಾಗಿಲಿಗೇ ಬ್ಯಾಟರಿ ಗಾಡಿ ಬರುತ್ತೆ.”

“ಊಟ ಮೆತ್ತಗಿರುತ್ತಾ? ನರ್ಸ್ ಇರ್ತಾಳಾ?”

ಹಿಸುಕಿ ಕೊಡುತ್ತಾರೆ, ನರ್ಸ್ ದಿನವಿಡೀ ಇರುತ್ತಾಳೆ ಎಂದಳು ಹನ್ಸಿನಿ. “ಒಳ್ಳೇ ಜಾಗ ಹುಡುಕಿದೀಯ ಕಣಮ್ಮ” ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಇವರನ್ನು ಬಿಟ್ಟು ಹೋಗುತ್ತಿದ್ದೇವಲ್ಲ ಎಂದು ಸೊಸೆಯ ಕರುಳು ಒಂದು ಕ್ಷಣ ಚುರುಕ್ ಎಂದಿತು.

ರೆಸಾರ್ಟಿನಲ್ಲಿ ಮಕ್ಕಳ ಊಟವೆಂದರೆ ಉತ್ಸವ! ಹಿಸುಕಿದ ಕುಂಬಳಕಾಯಿಯನ್ನು ಆಮೆಯ ಆಕಾರದಲ್ಲಿ ತಟ್ಟಿ, ಬಟಾಣಿಯ ಕಣ್ಣಿಟ್ಟು ತಂದರು. ಯುವೇಶ ಆಮೆಯ ಬೆನ್ನು ಸವರಿದ, ಹೆಸರಿಟ್ಟ, ಕರವಸ್ತ್ರ ಹೊದಿಸಿ ಮಲಗಿಸಿದ. ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಆಮೆ ಬಂತು. ಅದಕ್ಕೂ ಹಾಸಿಗೆ ಹಾಸಿದ. ಗಂಡ ಕವಿರಾಜ ಎರಡು ದಿನದಿಂದ ಮೂವರ ಪಾಲನ್ನೂ ಒಬ್ಬನೇ ಉಂಡು ಮುಗಿಸುತ್ತಿದ್ದ. ಈಗ ಅವನಿಗೂ ಗಾಬರಿ ಹತ್ತಿತು.

“ಹನ್ಸು, ಮಧ್ಯಾಹ್ನಾನೂ ತಿನ್ನಲಿಲ್ಲ ಅಂದ್ರೆ ಗಂಟು ಕಟ್ಟು. ಅಮ್ಮನ ಹತ್ರ ಹೋಗಿಬಿಡೋಣ.”

ಸೋತು ಹಿಂತಿರುಗುವುದೇ! ಹನ್ಸಿನಿ ಮೂರನೆಯ ಆಮೆಯ ಬಟ್ಟಲನ್ನು ಹಿಡಿದು ಮಕ್ಕಳ ಕೊಳದ ಅಂಚಿನಲ್ಲಿ ಕೂತಳು. ಆಗಲೇ ಹೊರಗೆ ರವಾನ್ ತಮಟೆಯ ಸದ್ದು ಕೇಳಿಸಿತು. ಬಾಗಿಲಲ್ಲಿ ಒಂದು ಬಸ್ಸು ನಿಂತಿತ್ತು. ಅದರಿಂದ ಹಳದಿ ಟೋಪಿಗಳು ಇಳಿಯತೊಡಗಿದವು. ಟೋಪಿಗಳ ಕೆಳಗೆ ನರೆತ ತಲೆಗಳು, ಊರುಗೋಲುಗಳು, ಸೊಂಟಕ್ಕೆ ಸಿಕ್ಕಿಸಿದ ಸೀರೆಗಳು. ಎಲ್ಲರ ಮುಂದೆ ಕೊರಳಿಗೆ ಸೀಟಿ ನೇತುಹಾಕಿಕೊಂಡು, ದಂಡನಾಯಕಿಯ ಹಾಗೆ, ಅತ್ತೆ ಧನ್ವಂತಿ!

“ಅಮ್ಮಾ, ನೀವು ಇಲ್ಲಿ?”

“ನಮ್ಮ ಹಿರಿಯರ ಸಂಘದ ಪ್ರವಾಸ ಕಣಮ್ಮ. ಒಂದು ದಿನದ ಮಟ್ಟಿಗೆ. ಎಲ್ಲಿಗೆ ಅಂತ ತಲೆ ಕೆಡಿಸ್ಕೊಂಡಿದ್ವಿ. ಮೆಟ್ಟಿಲಿಲ್ಲ, ಮೊಣಕಾಲುದ್ದ ನೀರು, ಮೆತ್ತನೆ ಊಟ, ನರ್ಸು. ತಲೆ ಮೇಲೆ ತೆಂಗಿನಕಾಯೂ ಬೀಳಲ್ಲ. ನಮ್ಮಂಥೋರಿಗೆ ಇನ್ನೇನು ಬೇಕು? ಸೊಸೆ ಆರಿಸಿದ್ದು ಅಂತ ಎಲ್ಲರಿಗೂ ಹೇಳಿದೀನಿ.”

ಎಲ್ಲರೂ ಬಂದು ಸೊಸೆಯ ತಲೆ ಮುಟ್ಟಿ ಹರಸಿದರು. ಆಮೇಲೆ ಮಕ್ಕಳ ಕೊಳಕ್ಕೆ ಇಳಿದರು. ಬಾತುಕೋಳಿಯ ಟ್ಯೂಬಿನೊಳಗೆ ಒಬ್ಬ ಅಜ್ಜ ಸಿಂಹಾಸನವೇರಿದ. ಹಲ್ಲಿಲ್ಲದ ಅಜ್ಜಿಯೊಬ್ಬರು ಆಮೆಯೂಟ ತರಿಸಿಕೊಂಡು, ಆಹಾ ಎಂದು ಕಣ್ಣು ಮುಚ್ಚಿ ಸವಿದರು.

ಹನ್ಸಿನಿ ಶಸ್ತ್ರ ಕೆಳಗಿಟ್ಟಳು. ಬಟ್ಟಲನ್ನು ಅತ್ತೆಯ ಕೈಗಿತ್ತು, ಗುಟ್ಟನ್ನಾದರೂ ಕಲಿಯೋಣವೆಂದು ಕಣ್ಣು ಮಿಟುಕಿಸದೆ ನೋಡಿದಳು. ಅತ್ತೆ ಚಮಚ ಚಾಚಿದರು. ಯುವೇಶ ತುಟಿ ಬಿಗಿದ. ಮತ್ತೆ ಚಾಚಿದರು. ಅವನು ತಪ್ಪಿಸಿಕೊಂಡು ಬಾತುಕೋಳಿ ಅಜ್ಜನ ಕಡೆ ಓಡಿದ. ಹನ್ಸಿನಿಗೆ ಕುಣಿಯುವಷ್ಟು ಸಂತೋಷ!

“ನಿಮ್ಮ ಕೈಯಲ್ಲೂ ತಿನ್ನಲ್ಲ!”

ಅತ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಯಾವತ್ತು ತಿಂದಿದ್ದ?”

“ಮತ್ತೆ, ದಿನಾ ಆ ಖಾಲಿ ಬಟ್ಟಲು?”

“ನಾಲ್ಕು ತುತ್ತು ಅವನು, ಉಳಿದಿದ್ದು ನಾನು. ಬಟ್ಟಲು ಖಾಲಿ ಕಂಡರೆ ನೀನು ಆವತ್ತು ನೆಮ್ಮದಿಯಾಗಿ ಮಲಗ್ತೀಯ. ಅದಕ್ಕೆ. ಉಪ್ಪಿಲ್ಲದ ಕುಂಬಳಕಾಯಿ ತಿಂದೂ ತಿಂದೂ ನನ್ನ ನಾಲಗೆ ಸತ್ತೇ ಹೋಗಿದೆ ಮಾರಾಯ್ತಿ.”

ಅತ್ತ ಕೊಳದಲ್ಲಿ ಯುವೇಶ, ಅಜ್ಜ ಕೊಟ್ಟ ಖಾರದ ಪುಡಿ ಸವರಿದ ಅನಾನಸ್ ಹೋಳನ್ನು ಕಣ್ಣಲ್ಲಿ ನೀರು ಸುರಿಸುತ್ತ ಚೀಪಿ, ಇನ್ನೊಂದಕ್ಕೆ ಕೈ ಚಾಚಿದ್ದ.

ದೂರದಿಂದ ಕವಿರಾಜ ಬರುತ್ತಿರುವುದು ಕಂಡಿತು. ಮುಖದಲ್ಲಿ ಆತಂಕ, ಕೈಯಲ್ಲಿ ಕಾರಿನ ಬೀಗದ ಕೈ. ಹನ್ಸಿನಿ ಬಟ್ಟಲನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆ ದೊಡ್ಡ ಮನಸ್ಸು ಮಾಡಿ ಬಟ್ಟಲನ್ನು ಸೊಸೆಯ ಕೈಗಿತ್ತು ಕಡಲಿನ ಕಡೆ ತಿರುಗಿ ನಿಂತರು. ಆಮೆ ಎರಡೇ ತುತ್ತಿಗೆ ಹನ್ಸಿನಿಯ ಹೊಟ್ಟೆಗಿಳಿಯಿತು.

“ಉಂಡ ಕಣ್ರೀ” ಎಂದು ಹನ್ಸಿನಿ ಬಟ್ಟಲು ಎತ್ತಿ ತೋರಿಸಿದಳು.

ಅತ್ತೆ ಹೇಳಿದ್ದು ನಿಜ. ಒಂದು ಕಲ್ಲು ಉಪ್ಪೂ ಇರಲಿಲ್ಲ.