ಒಂಟಿಗೈಯವಳು ಒಯ್ದ ಮುದ್ದೆ

ಸಿಂಚನಾ, ತಿಪ್ಪೇಶ, ನಿಮ್ಮ ಅಜ್ಜಿ ಸುಳ್ಳುಗಾತಿ. ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಬರೆದುಬಿಡುವುದು ಮೇಲು ಎಂದು ಕೂತಿದ್ದೇನೆ. ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಈ ವಯಸ್ಸಿನಲ್ಲೂ ಸೆರಗಿನ ತುದಿ ಹುಡುಕುವವಳು ನಾನು. ಹೊಸದುರ್ಗದ ನಿಮ್ಮ ಹೊಸ ಮನೆಯ ಗೃಹಪ್ರವೇಶದ ದಿನ "ಅಜ್ಜಿ, ನೀನ್ಯಾಕೆ ಪಂಕ್ತಿಗೆ ಕೂರಲ್ಲ?" ಎಂದು ನೀವಿಬ್ಬರೂ ಜಗ್ಗಿ ಕೇಳಿದಿರಿ. "ಇವತ್ತು ನನಗೆ ಉಪವಾಸ" ಎಂದೆ. ಆಮೇಲೆ ನನ್ನ ಹೊಟ್ಟೆ ಎಷ್ಟು ಸದ್ದು ಮಾಡಿತೆಂದರೆ, ಒಳಗೆ ಇನ್ನೂ ಪೂಜೆ ಮಾಡಿಸುತ್ತಿದ್ದ ಅಯ್ಯನವರು ಮಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದರು.

ಆದದ್ದು ಇಷ್ಟು. ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆನಲ್ಲ, ಮೂಳೆಯೇನೋ ಕೂಡಿತು, ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಕೈ ಸದಾ ಆಶೀರ್ವಾದ ಮಾಡುವ ಹಾಗೆ ನೆಟ್ಟಗೆ ನಿಂತಿರುತ್ತದೆ. ಆ ಕೈಯಲ್ಲಿ ಮುದ್ದೆ ಮುರಿಯಲು ಆಗದು. ನಿಮ್ಮ ಅತ್ತೆ ರತ್ನ ಚಮಚ ತಂದುಕೊಟ್ಟಳು. ಚಮಚದಲ್ಲಿ ಮುದ್ದೆ ಉಣ್ಣುವುದೂ ಗೋಡೆಗೆ ಗಿಲಾವು ಮಾಡುವುದೂ ಒಂದೇ. ಅಂಟಿದ್ದು ಬಿಡುವುದಿಲ್ಲ, ಬಿಟ್ಟದ್ದು ಬಾಯಿಗೆ ಬರುವುದಿಲ್ಲ. ಉಳಿದದ್ದು ಎಡಗೈ. ಅದರ ಕೆಲಸವೇ ಬೇರೆ, ಅದನ್ನು ಅನ್ನಕ್ಕೆ ಮುಟ್ಟಿಸಬಾರದು ಎಂದು ಹುಟ್ಟಿದಾಗಿನಿಂದ ಕೇಳಿದವಳು ನಾನು, ನಿಮಗೂ ಹೇಳಿಕೊಟ್ಟವಳು. ಅದಕ್ಕೇ ಉಪವಾಸ ಹಿಡಿದೆ. ಸೋಮವಾರ ಶಿವನಿಗೆ, ಗುರುವಾರ ಗುರುವಿಗೆ, ಶನಿವಾರ ಆಂಜನೇಯನಿಗೆ. ಬೇರೆ ದಿನ ಯಾರಾದರೂ ಊಟಕ್ಕೆ ಕರೆದರೆ ಆ ದಿನಕ್ಕೂ ಒಬ್ಬ ದೇವರು ಸಿಗುತ್ತಿದ್ದ. ನಮ್ಮೂರು ಐಮಂಗಲದಲ್ಲಿ ನನ್ನ ಭಕ್ತಿಯ ಹೆಸರು ಹಬ್ಬಿತು. ಪಕ್ಕದ ಮನೆಯ ಗಂಗಮ್ಮ ಎಲ್ಲಿಗೆ ಹೊರಟರೂ ಮೊದಲು ಬಂದು ನನ್ನ ಕಾಲು ಮುಟ್ಟತೊಡಗಿದಳು. ನಾನು ಕೈ ಎತ್ತಿದರೆ ಸಾಕು, ಅದು ಹೇಗೂ ಮಡಚುವುದಿಲ್ಲವಲ್ಲ!

ನಿಜವಾದ ಊಟ ನಡೆಯುತ್ತಿದ್ದದ್ದು ಮಾಳಿಗೆಯ ಮೇಲೆ. ರತ್ನ ಅಂಗನವಾಡಿ ಕೆಲಸಕ್ಕೆ ಹೋದ ಮೇಲೆ, ಒಣಹಾಕಿದ ಶೇಂಗಾ ಕಾಯುವ ನೆಪದಲ್ಲಿ ತಟ್ಟೆ ಮುಚ್ಚಿಕೊಂಡು ಹತ್ತುತ್ತಿದ್ದೆ. ನೀರಿನ ಟ್ಯಾಂಕಿನ ಮರೆಗೆ ಕೂತು, ಎಡಗೈಯಲ್ಲಿ, ಕಳ್ಳಿಯ ಹಾಗೆ ಉಣ್ಣುತ್ತಿದ್ದೆ. ನೋಡುವವರು ಯಾರೂ ಇರಲಿಲ್ಲ, ಕೋತಿಗಳನ್ನು ಬಿಟ್ಟರೆ.

ಆ ಕೋತಿಗಳ ವಿಷಯ ಹೇಳಲೇಬೇಕು. ಹೆದ್ದಾರಿ ಅಗಲ ಮಾಡುವಾಗ ಸಾಲು ಹುಣಸೆಮರಗಳು ಹೋದವಲ್ಲ, ಕೋತಿಗಳ ಮನೆ, ಅಡುಗೆಮನೆ, ತೊಟ್ಟಿಲು ಎಲ್ಲ ಆ ಮರಗಳೇ ಆಗಿದ್ದವು. ನಾವಾಗಿದ್ದರೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದೆವು. ಅವು ಒಂದೇ ಬೇಸಿಗೆಯಲ್ಲಿ ಹೊಸ ಬಾಳು ಕಲಿತವು. ಯಾವ ಬಸ್ಸು ನಿಲ್ಲುತ್ತದೆ, ಯಾವುದು ನಿಲ್ಲದೆ ಹೋಗುತ್ತದೆ, ಯಾವ ಮನೆಯ ಹೆಂಗಸು ಕೋಲು ಬೀಸುತ್ತಾಳೆ, ಯಾವಳು ಬರೀ ಬಾಯಿ ಮಾಡುತ್ತಾಳೆ, ಎಲ್ಲ ಗೊತ್ತು. ನಲ್ಲಿ ತಿರುಗಿಸಿ ನೀರು ಕುಡಿಯುತ್ತವೆ. ಕುಡಿದ ಮೇಲೆ ನಿಲ್ಲಿಸುವುದನ್ನು ಮಾತ್ರ ಕಲಿತಿಲ್ಲ, ನಿಮ್ಮ ಮಾವನ ಹಾಗೆ.

ಆ ಗುಂಪಿನಲ್ಲಿ ಒಬ್ಬಳಿಗೆ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಕರೆಂಟಿನ ತಂತಿ ತಗುಲಿ ಹೋಯಿತು ಎನ್ನುತ್ತಾರೆ. ನಾನು ಅವಳನ್ನು ಒಂಟಿಗೈಯವಳು ಎಂದು ಕರೆಯುತ್ತಿದ್ದೆ. ಮೊದಮೊದಲು ಅವಳನ್ನು ಕಂಡು ಪಾಪ ಅನ್ನಿಸಿತ್ತು, ಆಮೇಲೆ ನನ್ನನ್ನು ನೆನೆದೇ ಪಾಪ ಅನ್ನಿಸಿತು. ಅವಳು ಶೇಂಗಾ ಕಾಯನ್ನು ಪಾದದಡಿ ಒತ್ತಿ ಹಿಡಿದು ಹಲ್ಲಿನಲ್ಲಿ ಸೀಳುತ್ತಾಳೆ. ಡಬ್ಬಿಯನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿ ಎಡಗೈಯಲ್ಲಿ ಮುಚ್ಚಳ ತಿರುಗಿಸುತ್ತಾಳೆ. ಹೊಟ್ಟೆಗೆ ಅಂಟಿದ ಮರಿ ಜಾರಿದರೆ ಆ ಮೊಂಡು ತೋಳಿನಿಂದಲೇ ಒತ್ತಿಕೊಳ್ಳುತ್ತಾಳೆ. ಮಾಳಿಗೆಯಿಂದ ಮಾಳಿಗೆಗೆ ಹಾರುವ ಮುಂಚೆ ನಿಂತು ಅಳತೆ ಹಾಕುತ್ತಾಳೆ. ದೂರವಾಯಿತೆಂದು ಕಂಡರೆ ನಾಚಿಕೆಯಿಲ್ಲದೆ ಗೋಡೆ ಹಿಡಿದು ಸುತ್ತಿ ಬರುತ್ತಾಳೆ. ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಒಂದು: ಎಲ್ಲ ಕೂತು ತಿನ್ನುವಾಗ ಅವಳು ಗುಂಪಿನ ನಡುವೆಯೇ ಕೂರುತ್ತಿದ್ದಳು.

ಒಂದು ಸೋಮವಾರ ನಾನು ತುತ್ತು ಮುರಿಯುತ್ತಿದ್ದಾಗ ಎದುರಿಗೇ ಬಂದು ಕೂತಳು. ನನ್ನ ಎಡಗೈಯನ್ನೇ ನೋಡಿದಳು. ನಾನು ತಟ್ಟನೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನೋಡಿ ನನ್ನ ಬುದ್ಧಿ, ಕೋತಿಯ ಮುಂದೆಯೂ ಮಾನ! ಅಷ್ಟು ಹೊತ್ತು ಅವಳಿಗೆ ಸಾಕಾಯಿತು. ಮುದ್ದೆ ಎತ್ತಿ ಮೊಂಡು ತೋಳಿನಿಂದ ಎದೆಗೊತ್ತಿಕೊಂಡು ಮೂರು ಕಾಲಲ್ಲಿ ಓಡಿದಳು.

"ಅಯ್ಯೋ, ನನ್ನ ಮುದ್ದೆ! ನನ್ನ ಮುದ್ದೆ ಒಯ್ತು!" ಎಂದು ಕೂಗಿಬಿಟ್ಟೆ.

ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಗಂಗಮ್ಮ ತಿರುಗಿದಳು. "ಯಾರ ಮುದ್ದೆ, ಅಕ್ಕಾ?"

"ನಂದು ಕಣೇ!"

"ಇವತ್ತು ಸೋಮವಾರ ಅಲ್ವೇನಕ್ಕಾ?"

ಗಂಗಮ್ಮ ಅಡ್ಡಗೋಡೆ ದಾಟಿ ಬಂದು ಸಾರು ಹತ್ತಿದ ನನ್ನ ಎಡಗೈ ನೋಡಿದಳು, ನೆಟ್ಟಗೆ ನಿಂತ ಬಲಗೈಯನ್ನೂ ನೋಡಿದಳು. "ಅಂದ್ರೆ ಇಷ್ಟು ದಿನ ನಾನು ಕಾಲಿಗೆ ಬಿದ್ದಿದ್ದೆಲ್ಲ ದಂಡವಾ?" ಎಂದು ಸೊಂಟದ ಮೇಲೆ ಕೈಯಿಟ್ಟಳು. ಆಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೈ ಬಗ್ಗಲ್ಲ ಅಂತ ಹೇಳಾಕೆ ಏನು ರೋಗ ನಿಂಗೆ? ಅಗೋ, ಅವಳ್ನ ನೋಡು. ಒಂದೇ ಕೈ ಐತೆ, ಯಾವ ದೇವ್ರ ಉಪವಾಸನೂ ಇಲ್ಲ. ಭಾನುವಾರ ನಮ್ಮನ್ಯಾಗೆ ಮೊಮ್ಮಗಳ ನಾಮಕರಣ ಐತೆ. ಪಂಕ್ತಿ ನಡುವೆ ಕುಂತ್ಕಂಡು ಉಣ್ಣಬೇಕು. ಇಲ್ಲಾಂದ್ರೆ ನಿನ್ನ ಸೋಮವಾರದ ಕಥೆ ಊರಿಗೆಲ್ಲ ಹೇಳ್ತೀನಿ."

ಭಾನುವಾರ ಪಂಕ್ತಿಯ ನಡುವೆಯೇ ಕೂತೆ. ಎಡಗೈಯಲ್ಲಿ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿದೆ. ಅದು ಜಾರಿ ಪಕ್ಕದ ಹೆಂಗಸಿನ ಎಲೆಗೆ ಹೋಯಿತು. ಆಕೆ ತುತ್ತನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಪಂಕ್ತಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಬಡಿಸುತ್ತಾ ಬಂದ ಗಂಗಮ್ಮ ಬಗ್ಗಿ, "ಇನ್ನೊಂದು ಮುದ್ದೆ ಇಕ್ಲೇನಕ್ಕಾ?" ಎಂದಳು. ಅಷ್ಟೇ. ಎಲ್ಲರೂ ತಮ್ಮ ತಮ್ಮ ಎಲೆಗೆ ಬಗ್ಗಿದರು. ಇಕ್ಕು ಎಂದೆ. ಅದನ್ನೂ ಉಂಡೆ.

ಸಿಂಚನಾ, ಇನ್ನು ಮುಂದಿನದು ನಿನಗೆ. ನೀನು ನಾಲ್ಕು ವರ್ಷದವಳಿದ್ದಾಗ ಬಳಪವನ್ನು ಎಡಗೈಯಲ್ಲಿ ಹಿಡಿದೆ, ನಾನು ಆ ಕೈಗೆ ಹೊಡೆದೆ. ನೀನು ಅತ್ತುಕೊಂಡೇ ಕೈ ಬದಲಿಸಿದೆ. ಈ ಸೊಟ್ಟ ಅಕ್ಷರಗಳನ್ನು ನಾನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಸಾಲು ಸಾಲಿಗೂ ನಿನ್ನ ಆ ಪುಟ್ಟ ಕೈ ನೆನಪಾಗುತ್ತದೆ. ಒಂಟಿಗೈಯವಳ ಮರಿ ಯಾವ ಕೈಯಲ್ಲಿ ಶೇಂಗಾ ಎತ್ತಿದರೂ ಅವಳು ಹೊಡೆದದ್ದನ್ನು ನಾನು ನೋಡಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ಮನೆಗೆ ತಂದರೆ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಮುಚ್ಚಳ ತೆಗೆಯುವುದು ಅವಳಿಗೆ ಗೊತ್ತು. ನಾನೇ ತಂದು ಕೊಡುವಾಗ ಎಡಗೈಯಲ್ಲೇ ಕೊಡಬೇಕೆಂದು ನಿರ್ಧರಿಸಿದ್ದೇನೆ. ಆದರೂ ಅಭ್ಯಾಸ ಬಿಡದು, ಆ ಗಳಿಗೆಯಲ್ಲಿ ಮಡಚದ ಬಲಗೈಯನ್ನೂ ಅದಕ್ಕೆ ತಾಗಿಸಿಯೇ ತಾಗಿಸುತ್ತೇನೆ. ಆಗ ನಗಬೇಡಿ.