ಬೈಗುಳವಿಲ್ಲದ ಆಕಾಶ

ಎಲ್ಲ ಎಡವಟ್ಟಿಗೂ ಕಾರಣ ಕ್ಯಾಪ್ಟನ್ನರ ಗಂಟಲು. ಬೆಳಿಗ್ಗೆ ಎದ್ದಾಗ ಅದು ಕಟ್ಟಿಹೋಗಿ, ಪಿಸುಮಾತಿಗಿಂತ ಹೆಚ್ಚೇನೂ ಹೊರಡುತ್ತಿರಲಿಲ್ಲ.

ಅವರ ಶಿಷ್ಯ ಹಲ್ಲಿನ ಡಾಕ್ಟರಿಗೆ ಮಾತ್ರ ಒಳಗೊಳಗೇ ಖುಷಿ. ಪಾಪ, ಬೈಸಿಕೊಂಡೇ ಬೆಳೆದ ಜೀವ. ಮನೆಯಲ್ಲಿ ಅಕ್ಕ ಬೈಯುತ್ತಾಳೆ, ಕ್ಲಿನಿಕ್ಕಿನಲ್ಲಿ ನರ್ಸು ಬೈಯುತ್ತಾಳೆ. ಬೈಯದವರೆಂದರೆ ರೋಗಿಗಳು ಮಾತ್ರ, ಅದೂ ಬಾಯಿ ಖಾಲಿ ಇಲ್ಲವೆಂದು. ಆಕಾಶದಲ್ಲಾದರೂ ಒಂದು ಗಳಿಗೆ ನೆಮ್ಮದಿಯಾಗಿರೋಣವೆಂದು ವಿಮಾನ ಕಲಿಯಲು ಸೇರಿದರೆ, ಪಕ್ಕದ ಸೀಟಿನಲ್ಲಿ ಈ ಕ್ಯಾಪ್ಟನ್! "ಲೋ ಕೋಣ" ಎಂದರೆ ವಿಮಾನದ ಮೂಗು ಎತ್ತಬೇಕು, "ದನ ಕಾಯೋಕೆ ಹೋಗು" ಎಂದರೆ ವೇಗ ತಗ್ಗಿಸಬೇಕು. ಪಾಠವೆಲ್ಲ ಹೀಗೇ ಮೈಗೂಡಿತ್ತು.

ಇವತ್ತು ಒಬ್ಬರೇ ಹಾರುವ ಪರೀಕ್ಷೆ. ಪಾಸಾದರೆ ಇನ್ನು ಆ ಪಕ್ಕದ ಸೀಟು ಖಾಲಿ. ಕ್ಯಾಪ್ಟನ್ ಕೈಸನ್ನೆಯಲ್ಲೇ ಬೀಳ್ಕೊಟ್ಟರು. ಡಾಕ್ಟರು ಹಾಡು ಗುನುಗುತ್ತ ಮೇಲೇರಿದರು.

ಫಜೀತಿ ಶುರುವಾದದ್ದು ಇಳಿಯುವಾಗ. ರನ್‌ವೇ ಎದುರಿಗೇ ಬಂತು. ಯಾರೂ ಬೈಯಲಿಲ್ಲ. ಡಾಕ್ಟರಿಗೆ ಕೈಕಾಲೇ ಆಡಲಿಲ್ಲ. ಗಾಬರಿಯಾಗಿ ಮತ್ತೆ ಮೇಲೇರಿದರು. ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಎಲ್ಲವೂ ಹಾಗೇ.

"ಮೇಡಂ, ನನ್ನನ್ನ ಸ್ವಲ್ಪ ಬೈತೀರಾ?" ರೇಡಿಯೋದಲ್ಲಿ ದೀನ ದನಿ ಕೇಳಿಸಿತು.

ಕಂಟ್ರೋಲ್ ಟವರಿನ ಹುಡುಗಿ ಬಲು ಮೆತ್ತನೆಯವಳು. ಕ್ಯಾಪ್ಟನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಅವಳ ಕಿವಿಯಲ್ಲಿ ಬೈಗುಳ ಪಿಸುಗುಟ್ಟಿದರು. ಅವಳು ಮೈಕಿನಲ್ಲಿ ಒಪ್ಪಿಸಿದಳು: "ಕೋಣನವರೇ, ದಯವಿಟ್ಟು ದನ ಕಾಯೋಕೆ ಹೋಗ್ತೀರಾ?"

"ಹಾಗಲ್ಲ ಮೇಡಂ! ಮನಸ್ಸಿಟ್ಟು ಬೈರಿ! ಪೆಟ್ರೋಲ್ ಮುಗೀತಾ ಬಂತು!"

ಅಷ್ಟರಲ್ಲಿ ದಡದಡನೆ ಅಕ್ಕ ಬಂದಳು. ಮನೆಯ ಬೀಗದಕೈ ತಮ್ಮನ ಜೇಬಿನಲ್ಲೇ ಹೊರಟುಬಂದಿತ್ತು. ಬಾಗಿಲ ಮುಂದೆ ನಿಂತು ನಿಂತು ಅವಳ ಪಿತ್ತ ನೆತ್ತಿಗೇರಿತ್ತು.

"ಎಲ್ಲಿ ಅವನು?"

ಕ್ಯಾಪ್ಟನ್ ಮೇಲಕ್ಕೆ ಬೆರಳು ತೋರಿಸಿ, ಮೈಕನ್ನು ಅವಳ ಕೈಗಿಟ್ಟರು.

"ಲೋ ಕೋಣ! ನನ್ನ ಬೀದೀಲಿ ನಿಲ್ಲಿಸಿ ಮೇಲೆ ಮೆರೀತಿದ್ದೀಯೇನೋ? ನಿನ್ನ ಓದಿಸಿದ್ದೇ ದಂಡ, ದನ ಕಾಯೋಕೆ ಹೋಗು! ಇಳಿಯೋ ಕೆಳಗೆ!"

ಮೂಗು ಎತ್ತಿತು, ವೇಗ ತಗ್ಗಿತು. ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯವಾಗಿ ವಿಮಾನ ನೆಲ ಮುಟ್ಟಿತು.

ಜೀವ ಉಳಿದ ಸಂತೋಷಕ್ಕೆ ಡಾಕ್ಟರ ಕಣ್ಣು ತುಂಬಿಬಂತು. ಎದುರು ಓಡಿಬಂದವರನ್ನು ಕೇಳಿದರು: "ಕ್ಯಾಪ್ಟನ್, ನಾನು ಪಾಸ್ ತಾನೇ?"

"ಪಾಸ್ ಹೇಗೆ? ಇಳಿಸಿದ್ದು ಇವರು" ಎಂದು ಪಿಸುಗುಟ್ಟಿದ ಕ್ಯಾಪ್ಟನ್, ಅಕ್ಕನಿಗೆ ಕೈಮುಗಿದರು. "ಇಂಥ ಲ್ಯಾಂಡಿಂಗ್ ನನ್ನ ಸರ್ವೀಸಲ್ಲೇ ಕಂಡಿಲ್ಲಮ್ಮ. ನನ್ನ ಗಂಟಲಂತೂ ಇನ್ನು ನಡೆಯಲ್ಲ. ನನ್ನ ಜಾಗಕ್ಕೆ ನೀವು ಬಂದುಬಿಡಿ."

"ಅಯ್ಯೋ, ವಿಮಾನದ ಗಂಧಗಾಳಿ ನನಗೆ ಗೊತ್ತಿಲ್ವಲ್ಲ!"

"ಅದೆಲ್ಲ ನಿಮ್ಮ ತಮ್ಮನಿಗೆ ಬರುತ್ತೆ ಬಿಡಿ."

ಅಕ್ಕ ಒಂದು ಕ್ಷಣ ಯೋಚಿಸಿದಳು. ಆಮೇಲೆ ಪಕ್ಕದ ಸೀಟಿಗೆ ಹತ್ತಿ ಕೂತು, ಬೆಲ್ಟು ಬಿಗಿದುಕೊಂಡಳು.

"ಕಂಬದ ಹಾಗೆ ಏನೋ ನಿಂತಿದ್ದೀಯ? ಪೆಟ್ರೋಲ್ ತುಂಬಿಸಿ ಹತ್ತೋ!"